ತೂಕದ ಮೆಷಿನ್ ಮೇಲೆ ಗೆದ್ದು ಮ್ಯಾಟ್ ಮೇಲೆ ಸೋತವರು

ಇಲ್ಲಿ ಏನಾದರೂ ಬರೆದು ಮೂರು ತಿಂಗಳಾಯ್ತು. ರಿಲೀಸು, ಆನ್‌ಕಾಲು, ಮನೆ ಬದಲಾಯಿಸಿದ್ದು... ನೆಪಗಳಿಗೇನೂ ಬರವಿಲ್ಲ. ಆದರೆ ಈ ಸಲ ಊರಿಗೆ ಹೋಗಿ ಬಂದಮೇಲೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ. ಬರೆದು ಇಳಿಸದೆ ಅದು ಹೋಗೋ ಹಾಗೆ ಕಾಣಲ್ಲ. ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡು ಬನ್ನಿ.

ಬೇಸಿಗೆ ರಜೆಯಲ್ಲಿ ಎರಡು ದಿನ ಭದ್ರಾವತಿಯ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ರಾತ್ರಿ ಬಸ್ಸು ಬೆಳಗ್ಗೆ ಐದೂವರೆಗೆ ಇಳಿಸಿತು. ಬ್ಯಾಗು ಹೆಗಲಿಗೆ ಹಾಕ್ಕೊಂಡು ನಡೀತಾ ಇದ್ದರೆ ಎದುರಿಗೆ ಒಂದು ಆಕೃತಿ ಓಡಿ ಬರ್ತಾ ಇದೆ. ಮೇ ತಿಂಗಳ ಸೆಕೆಯಲ್ಲಿ ಸ್ವೆಟರು, ಅದರ ಮೇಲೆ ಮಳೆಗಾಲದ ಜರ್ಕಿನ್ನು, ತಲೆಗೆ ಮಂಕಿ ಕ್ಯಾಪು. ಹತ್ತಿರ ಬಂದಾಗ ನೋಡಿದರೆ ನಮ್ಮ ಚಿಕ್ಕಪ್ಪನ ಮಗ! ಈಗಷ್ಟೇ ಎಸ್ಸೆಸ್ಸೆಲ್ಸಿ ಬರೆದು ಕೂತಿರೋ ಹದಿನೈದರ ಹುಡುಗ. ನಿಂತು ಸ್ವೆಟರ್ ಎತ್ತಿ ತೋರಿಸಿದ. ಒಳಗೆ ಕಸದ ಡಬ್ಬಿಗೆ ಹಾಕೋ ಕಪ್ಪು ಪ್ಲಾಸ್ಟಿಕ್ ಕವರು, ತಲೆ ಕೈ ತೂರಿಸೋಕೆ ತೂತು ಮಾಡಿ ಅಂಗಿ ಥರ ಹಾಕಿಕೊಂಡಿದ್ದಾನೆ.

"ಎಂತದೋ ಇದು ಮಾರಾಯ?"

"ಅಣ್ಣಾ, ಇನ್ನು 900 ಗ್ರಾಂ ಅಷ್ಟೇ ಇರೋದು. ಮಧ್ಯಾಹ್ನ ಶಿವಮೊಗ್ಗದಲ್ಲಿ ತೂಕ."

ಅವನ ತುಟಿ ಒಡೆದಿತ್ತು. ಹಿಂದಿನ ದಿನ ಮಧ್ಯಾಹ್ನದಿಂದ ನೀರು ಕುಡಿದಿರಲಿಲ್ಲವಂತೆ. ಬಾಯಲ್ಲಿ ಬಬಲ್‌ಗಮ್ ಇತ್ತು, ಜಗಿದು ಜಗಿದು ಉಗುಳೋಕೆ. ಎಂಜಲಿಗೂ ತೂಕ ಇದೆಯಲ್ಲ! ನಾಲ್ಕು ದಿನದ ಕೆಳಗೆ ಅವನ ತೂಕ 57.4 ಕಿಲೋ. ಆಡಬೇಕಾಗಿದ್ದು 55ರೊಳಗಿನ ವಿಭಾಗದಲ್ಲಿ.

ನನಗೆ ನಗು ಬರಲಿಲ್ಲ. ಯಾಕೆಂದರೆ ಎಂಟು ವರ್ಷದ ಹಿಂದೆ ಅದೇ ಥರ ಕವರ್ ಹಾಕಿಕೊಂಡು ಅದೇ ಥರ ಓಡಿದವನು ನಾನು. ಆ ಕತೆ ಆಮೇಲೆ.

ಮೊದಲು ಆಟದ ಬಗ್ಗೆ ಸ್ವಲ್ಪ

ಟೇಕ್ವಾಂಡೊ ಅಂದರೆ ಕರಾಟೆಯ ಇನ್ನೊಂದು ಹೆಸರು ಅಂದುಕೊಂಡವರು ನಮ್ಮಲ್ಲಿ ಬಹಳ ಜನ. ನಮ್ಮಜ್ಜಿಗಂತೂ ಎರಡೂ "ಕುಂಗ್‌ಫು" :-) ಇದು ಕೊರಿಯಾದ ಆಟ. 1988ರ ಸಿಯೋಲ್ ಮತ್ತು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನದ ಆಟವಾಗಿತ್ತು, 2000ದ ಸಿಡ್ನಿಯಲ್ಲಿ ಪದಕದ ಆಟವಾಯಿತು. ಸ್ಪರ್ಧೆಯಲ್ಲಿ ಎರಡು ಬಗೆ. ಒಬ್ಬರೇ ನಿಂತು ಗೊತ್ತುಮಾಡಿದ ಚಲನೆಗಳನ್ನು ಮಾಡಿ ತೋರಿಸೋದು ಪೂಮ್ಸೆ. ಇಬ್ಬರು ಎದುರುಬದುರು ಹೊಡೆದಾಡೋದು ಕ್ಯೊರುಗಿ. ನಾನು ಹೇಳ್ತಾ ಇರೋದು ಎರಡನೆಯದರ ಬಗ್ಗೆ.

ಎಂಟು ಮೂಲೆಯ ಮ್ಯಾಟು. ಒಬ್ಬ ನೀಲಿ, ಅವನು "ಚುಂಗ್". ಇನ್ನೊಬ್ಬ ಕೆಂಪು, ಅವನು "ಹೊಂಗ್". ರೆಫರಿ "ಶಿಜಾಕ್" ಅಂದರೆ ಶುರು, "ಕಲ್ಯೊ" ಅಂದರೆ ಬಿಡಿಸಿಕೊಳ್ಳಿ, "ಕ್ಯೆಸೊಕ್" ಅಂದರೆ ಮುಂದುವರಿಸಿ, "ಕುಮಾನ್" ಅಂದರೆ ಮುಗೀತು. ಎದೆಗೆ ಕಟ್ಟೋ ದಪ್ಪ ಕವಚಕ್ಕೆ ಹೋಗು ಅಂತಾರೆ. ಅದರ ಜೊತೆ ತಲೆಗೆ, ಮುಂಗೈಗೆ, ಮೊಣಕಾಲ ಕೆಳಗೆ, ತೊಡೆಸಂದಿಗೆ ಗಾರ್ಡು, ಕೈಗೆ ಗ್ಲೌಸು, ಹಲ್ಲಿಗೆ ಮೌತ್‌ಗಾರ್ಡು. ದೊಡ್ಡ ಸ್ಪರ್ಧೆಗಳಲ್ಲಿ ಹೋಗು, ಹೆಡ್‌ಗಾರ್ಡು, ಕಾಲಿನ ಸಾಕ್ಸು ಎಲ್ಲದರಲ್ಲೂ ಸೆನ್ಸರ್ ಇರುತ್ತೆ. ಒದ್ದ ಏಟು ಸರಿಯಾಗಿ ಕೂತರೆ ಬೋರ್ಡಿನಲ್ಲಿ ಅಂಕ ತಾನೇ ಬೀಳುತ್ತೆ.

ಅಂಕದ ಲೆಕ್ಕ ಸುಲಭ:

1) ಎದೆಕವಚಕ್ಕೆ ಮುಷ್ಟಿಯ ಗುದ್ದು: 1
2) ಎದೆಕವಚಕ್ಕೆ ಒದೆತ: 2
3) ತಲೆಗೆ ಒದೆತ: 3
4) ಸುತ್ತು ತಿರುಗಿ ಎದೆಕವಚಕ್ಕೆ ಒದೆತ: 4
5) ಸುತ್ತು ತಿರುಗಿ ತಲೆಗೆ ಒದೆತ: 5

ತಪ್ಪು ಮಾಡಿದರೆ "ಗಮ್‌ಜಮ್", ಅಂದರೆ ಎದುರಾಳಿಗೆ 1 ಅಂಕ ಪುಕ್ಕಟೆ. ಗೆರೆ ದಾಟಿದರೆ, ಬಿದ್ದರೆ, ಎದುರಾಳಿಯನ್ನು ಹಿಡಿದುಕೊಂಡರೆ, ಆಡದೆ ತಪ್ಪಿಸಿಕೊಳ್ತಾ ಹೋದರೆ, ಸೊಂಟದ ಕೆಳಗೆ ಒದ್ದರೆ, ಮುಖಕ್ಕೆ ಕೈಯಲ್ಲಿ ಹೊಡೆದರೆ, ಎಲ್ಲಕ್ಕೂ ಗಮ್‌ಜಮ್. 2017ಕ್ಕೆ ಮುಂಚೆ "ಕ್ಯೊಂಗ್ಗೊ" ಅಂತ ಅರ್ಧ ದಂಡ ಇತ್ತು, ಎರಡು ಸೇರಿದರೆ ಎದುರಾಳಿಗೆ ಒಂದು ಅಂಕ. ಅದನ್ನು ತೆಗೆದುಹಾಕಿದರು. ಈಗ ಬಿದ್ದರೆ ಪೂರ್ತಿ ಒಂದು ಹೋಯ್ತು ಅಂತಲೇ ಲೆಕ್ಕ.

ಎರಡು ನಿಮಿಷದ ಸುತ್ತು, ನಡುವೆ ಒಂದು ನಿಮಿಷ ವಿಶ್ರಾಂತಿ. ಮೊದಲೆಲ್ಲ ಮೂರೂ ಸುತ್ತಿನ ಅಂಕ ಕೂಡಿಸಿ ಗೆದ್ದವರ ಹೆಸರು ಹೇಳ್ತಿದ್ದರು. 2022ರಿಂದ ಮೂರರಲ್ಲಿ ಎರಡು ಸುತ್ತು ಯಾರು ಗೆಲ್ತಾರೋ ಅವರದ್ದು ಪಂದ್ಯ. ಒಂದೇ ಸುತ್ತಿನಲ್ಲಿ ಐದು ಗಮ್‌ಜಮ್ ಆದರೆ ಆ ಸುತ್ತೇ ಹೋಯ್ತು.

ವಯಸ್ಸಿನ ಲೆಕ್ಕ ಹುಟ್ಟಿದ ವರ್ಷದ ಮೇಲೆ. ಅಂತರರಾಷ್ಟ್ರೀಯ ನಿಯಮದಲ್ಲಿ 12ರಿಂದ 14 ಕೆಡೆಟ್, 15ರಿಂದ 17 ಜೂನಿಯರ್, 17 ಮತ್ತು ಮೇಲ್ಪಟ್ಟು ಸೀನಿಯರ್. ಶಾಲಾ ಕ್ರೀಡಾಕೂಟಗಳದ್ದು ಬೇರೆ, ಅಲ್ಲಿ 14, 17, 19ರೊಳಗಿನವರು ಅಂತ. ಇದೇ ಗೊತ್ತಿಲ್ಲದೆ ತಪ್ಪು ವಿಭಾಗಕ್ಕೆ ಹೆಸರು ಕೊಟ್ಟು ವಾಪಸ್ ಬಂದ ಮಕ್ಕಳನ್ನು ನಾನೇ ನೋಡಿದೀನಿ.

ಕೊನೆಯದಾಗಿ ತೂಕ. ಜೂನಿಯರ್ ಹುಡುಗರಿಗೆ 45, 48, 51, 55, 59, 63, 68, 73, 78, ಅದರ ಮೇಲೆ. ಸೀನಿಯರ್ ಗಂಡಸರಿಗೆ 54, 58, 63, 68, 74, 80, 87, ಅದರ ಮೇಲೆ. ಒಲಿಂಪಿಕ್ಸ್‌ನಲ್ಲಿ ಮಾತ್ರ ನಾಲ್ಕೇ ನಾಲ್ಕು ವಿಭಾಗ. ತೂಕ ನೋಡೋದು ಪಂದ್ಯದ ಹಿಂದಿನ ದಿನ.

ಈ ಕೊನೆಯ ವಾಕ್ಯದಲ್ಲೇ ನನ್ನ ತಕರಾರು ಇರೋದು.

ಏನಾಯ್ತು ಅಂದರೆ

ತಮ್ಮ 54.9ಕ್ಕೆ ತೂಗಿದ. ಚಿಕ್ಕಪ್ಪನ ಮುಖದಲ್ಲಿ ನಗು. ಅವನ ಮಾಸ್ಟ್ರು ಬೆನ್ನು ತಟ್ಟಿದರು. ಹೊರಗೆ ಬಂದವನೇ ಒಂದು ಲೀಟರ್ ನೀರು ಒಂದೇ ಗುಕ್ಕಿಗೆ ಕುಡಿದ, ಆಮೇಲೆ ಹೋಟೆಲ್ಲಿಗೆ ಹೋಗಿ ಎರಡು ಮಸಾಲೆದೋಸೆ, ಒಂದು ಜ್ಯೂಸು. ಭದ್ರಾವತಿಗೆ ವಾಪಸ್ ಬರೋ ಬಸ್ಸಿನಲ್ಲಿ ಎಲ್ಲಾ ವಾಂತಿ ಮಾಡ್ಕೊಂಡ. ರಾತ್ರಿ ಮೀನಖಂಡ ಹಿಡ್ಕೊಂಡು ಎರಡು ಸಲ ಎದ್ದು ಕೂತ. ಚಿಕ್ಕಮ್ಮ ಎಣ್ಣೆ ತಿಕ್ಕುತ್ತಾ, "ಇದೆಂಥಾ ಆಟನೋ, ಊಟ ಬಿಟ್ಟು ಆಡೋದು" ಅಂತ ಬೈತಾನೇ ಇದ್ದರು.

ಮಾರನೇ ದಿನ ಮೊದಲ ಪಂದ್ಯ. ನಾನು ಗ್ಯಾಲರಿಯಲ್ಲಿ ಕೂತು ಒಂದೊಂದನ್ನೂ ಬರಕೊಂಡೆ (ಹವ್ಯಾಸ ಬಿಡಲ್ಲ ನೋಡಿ). ಮೊದಲ ಸುತ್ತು 4-6ರಲ್ಲಿ ಸೋತ. ಅದು ಪರವಾಗಿಲ್ಲ, ಚೆನ್ನಾಗೇ ಆಡಿದ. ಎರಡನೇ ಸುತ್ತು 3-9. ಎದುರಾಳಿಯ ಆ ಒಂಬತ್ತರಲ್ಲಿ ಅವನು ಒದ್ದು ಗಳಿಸಿದ್ದು ಐದೇ. ಎದೆಗೊಂದು, ತಲೆಗೊಂದು. ಉಳಿದ ನಾಲ್ಕು ನಮ್ಮವನೇ ಕೊಟ್ಟಿದ್ದು. ಎರಡು ಸಲ ಒದೆಯೋಕೆ ಹೋಗಿ ಬಿದ್ದ, ಒಂದು ಸಲ ಗೆರೆ ದಾಟಿದ, ಒಂದು ಸಲ ಸುಸ್ತಾಗಿ ಎದುರಾಳಿಯನ್ನೇ ತಬ್ಬಿಕೊಂಡ.

ಕಾಲಲ್ಲಿ ಶಕ್ತಿ ಇಲ್ಲದವನು ಬೀಳ್ತಾನೆ. ಉಸಿರಿಲ್ಲದವನು ತಬ್ಬಿಕೊಳ್ತಾನೆ. ನಿಯಮಪುಸ್ತಕ ಅದಕ್ಕೇ ದಂಡ ಇಟ್ಟಿರೋದು. ನಾಲ್ಕು ದಿನ ಉಪವಾಸ ಮಾಡಿ ಅವನು ಇಳಿಸಿದ್ದು ಎರಡೂವರೆ ಕಿಲೋ, ಎದುರಾಳಿಗೆ ಕೊಟ್ಟಿದ್ದು ನಾಲ್ಕು ಅಂಕ. ಯಾವ ವ್ಯಾಪಾರ ಇದು?

ಪಂದ್ಯ ಮುಗಿದ ಮೇಲೆ ಅವನು ಬಟ್ಟೆ ಬದಲಾಯಿಸೋ ರೂಮಿನಲ್ಲಿ ಗೋಡೆಗೆ ಒರಗಿ ಕೂತಿದ್ದ. ಅಳ್ತಾ ಇದ್ದ, ಆದರೆ ಕಣ್ಣೀರು ಸರಿಯಾಗಿ ಬರ್ತಾ ಇರಲಿಲ್ಲ. ಅದನ್ನು ನೋಡಿದಾಗಲೇ ನಾನು ಇದನ್ನು ಬರೀಬೇಕು ಅಂದುಕೊಂಡಿದ್ದು.

ನನ್ನದೂ ಅದೇ ಕತೆ

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಕಾಲೇಜು ಟೀಮಿನಲ್ಲಿದ್ದೆ. ತೂಕ 65.2. ಸೀನಿಯರ್ ಒಬ್ಬ "63ಕ್ಕೆ ಇಳಿ, ಅಲ್ಲಿ ನೀನೇ ಉದ್ದ" ಅಂದ. ಮೂರು ದಿನ ಬರೀ ಮಂಡಕ್ಕಿ, ಲಿಂಬೆ ಹಣ್ಣು. ಹಾಸ್ಟೆಲ್ ಬಾತ್‌ರೂಮಿನಲ್ಲಿ ಬಿಸಿನೀರಿನ ಹಬೆ ತುಂಬಿಸಿ ಒಳಗೆ ಕೂರೋದು. 62.9 ಬಂತು. ಆ ತೂಕದ ಚೀಟಿಯನ್ನು ಪದಕ ಥರ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಮಾರನೇ ದಿನ ಎರಡನೇ ಸುತ್ತಿನಲ್ಲಿ ತೊಡೆ ಹಿಡೀತು, ಕುಂಟುತ್ತಾ ಹೊರಗೆ ಬಂದೆ. ಸೆಮಿಸ್ಟರ್ ಪರೀಕ್ಷೆಗೂ ಕುಂಟುತ್ತಲೇ ಹೋದೆ.

ಆಗ ನಾನು ಅಂದುಕೊಂಡಿದ್ದು, "ಛೆ, ಇನ್ನೂ ಒಂದು ವಾರ ಮೊದಲೇ ಶುರು ಮಾಡಬೇಕಿತ್ತು" ಅಂತ. ಯಾಕೆ ಮಾಡಬೇಕಿತ್ತು ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಅದೇ. ನಾವು ಇಳಿಸೋದು ಕೊಬ್ಬನ್ನಲ್ಲ. ನಾಲ್ಕು ದಿನದಲ್ಲಿ ಯಾರ ಕೊಬ್ಬೂ ಎರಡೂವರೆ ಕಿಲೋ ಕರಗಲ್ಲ. ಇಳಿಯೋದು ಮುಖ್ಯವಾಗಿ ನೀರು. ರಕ್ತದೊಳಗಿನ ನೀರು ಕಡಿಮೆಯಾದರೆ ಅದೇ ಕೆಲಸಕ್ಕೆ ಹೃದಯ ಹೆಚ್ಚು ಬಡಿಯಬೇಕು, ಬೆವರು ಕಡಿಮೆಯಾಗಿ ಮೈ ಕಾವು ಏರುತ್ತೆ. ಮೈತೂಕದ ಶೇಕಡ 2ರಷ್ಟು ನೀರು ಹೋದರೇ ಆಟ ಕೆಡೋಕೆ ಶುರು ಅಂತಾರೆ ಕ್ರೀಡಾವೈದ್ಯರು. ನಮ್ಮ ಹುಡುಗ ಕಳಕೊಂಡಿದ್ದು ಶೇಕಡ 4ಕ್ಕೂ ಹೆಚ್ಚು. ಅದೂ ಎಲುಬು ಬೆಳೆಯೋ ವಯಸ್ಸಿನಲ್ಲಿ. ತಲೆಗೆ ಒದೆತ ಬೀಳೋ ಆಟದಲ್ಲಿ.

ಇದು ಬರೀ ನಮ್ಮೂರಿನ ಸಮಸ್ಯೆ ಅಲ್ಲ

2024ರ ಪ್ಯಾರಿಸ್ ಒಲಿಂಪಿಕ್ಸ್ ಎಲ್ಲರಿಗೂ ನೆನಪಿದೆ. ಕುಸ್ತಿಯ 50 ಕಿಲೋ ವಿಭಾಗದಲ್ಲಿ ವಿನೇಶ್ ಫೋಗಟ್ ಒಂದೇ ದಿನ ಮೂರು ಪಂದ್ಯ ಗೆದ್ದು ಫೈನಲ್ ತಲುಪಿದರು. ಮಾರನೇ ಬೆಳಗ್ಗೆ 100 ಗ್ರಾಂ ಹೆಚ್ಚು ಬಂತು ಅಂತ ಹೊರಗೆ. ಇಡೀ ದೇಶ ಆ ನೂರು ಗ್ರಾಮಿನ ಬಗ್ಗೆ ಮಾತಾಡಿತು. ಆ ರಾತ್ರಿಯೆಲ್ಲ ನೀರು ಬಿಟ್ಟು, ಓಡಿ, ಕೂದಲು ಕತ್ತರಿಸಿ ಪಟ್ಟ ಪಾಡಿನ ಬಗ್ಗೆ ಮಾತಾಡಿದ್ದು ಕಡಿಮೆ.

ಅದಕ್ಕಿಂತ ಹಳೆಯ, ಅದಕ್ಕಿಂತ ಕೆಟ್ಟ ಪಾಠ ಅಮೆರಿಕದ್ದು. 1997ರ ನವೆಂಬರ್, ಡಿಸೆಂಬರಿನಲ್ಲಿ, ಸುಮಾರು ಒಂದು ತಿಂಗಳೊಳಗೆ, ಮೂರು ಬೇರೆಬೇರೆ ಕಾಲೇಜುಗಳ ಮೂವರು ಕುಸ್ತಿಪಟುಗಳು ತೂಕ ಇಳಿಸೋಕೆ ಹೋಗಿ ಸತ್ತರು. ರಬ್ಬರ್ ಸೂಟು, ಬಿಸಿ ರೂಮು, ಸೈಕಲ್ಲು, ನೀರಿಲ್ಲ. ಅಂದರೆ ನಮ್ಮ ಕಸದ ಕವರು, ಹಾಸ್ಟೆಲ್ ಬಾತ್‌ರೂಮು, ಅದೇ! ಆಮೇಲೆ ಅಲ್ಲಿನ ಕಾಲೇಜು ಕ್ರೀಡಾಸಂಸ್ಥೆ ರಬ್ಬರ್ ಸೂಟು, ಹಬೆ ಎಲ್ಲ ನಿಷೇಧಿಸಿತು. ಸೀಸನ್ ಶುರುವಿನಲ್ಲೇ ಮೈಯಲ್ಲಿ ನೀರು ಸರಿಯಾಗಿದೆಯಾ ನೋಡಿ, ಇಂಥವನು ಇದಕ್ಕಿಂತ ಕೆಳಗಿನ ತೂಕದಲ್ಲಿ ಆಡೋ ಹಾಗಿಲ್ಲ ಅಂತ ಬರೆದಿಡೋ ಪದ್ಧತಿ ಬಂತು. ವಾರಕ್ಕೆ ಮೈತೂಕದ ಶೇಕಡ 1.5ಕ್ಕಿಂತ ಹೆಚ್ಚು ಇಳಿಸೋ ಹಾಗಿಲ್ಲ.

ಟೇಕ್ವಾಂಡೊದವರೂ ಸುಮ್ಮನೆ ಕೂತಿಲ್ಲ. ದೊಡ್ಡ ಸ್ಪರ್ಧೆಗಳಲ್ಲಿ ಪಂದ್ಯದ ದಿನ ಬೆಳಗ್ಗೆ ಚೀಟಿ ಎತ್ತಿ ಕೆಲವರನ್ನು ಮತ್ತೆ ತೂಗ್ತಾರೆ, ವಿಭಾಗದ ಮಿತಿಗಿಂತ ಶೇಕಡ 5ಕ್ಕಿಂತ ಹೆಚ್ಚಿದ್ದರೆ ಆಡೋ ಹಾಗಿಲ್ಲ. ಕೆಡೆಟ್ ಮಕ್ಕಳಿಗೆ 2022ರ ಸೋಫಿಯಾ ವಿಶ್ವಸ್ಪರ್ಧೆಯಲ್ಲಿ ವಿಭಾಗಗಳನ್ನೇ ಎತ್ತರದ ಮೇಲೆ ಮಾಡಿದರು. ಎತ್ತರವನ್ನು ಯಾರೂ ನಾಲ್ಕು ದಿನದಲ್ಲಿ ಇಳಿಸೋಕಾಗಲ್ಲವಲ್ಲ!

ಆದರೆ ಆ ಶೇಕಡ 5ರ ಲೆಕ್ಕ ನಮ್ಮ ಹುಡುಗನಿಗೆ ಹಾಕಿ ನೋಡಿ. 55ಕ್ಕೆ ಶೇಕಡ 5 ಸೇರಿಸಿದರೆ 57.75. ಅವನ ನಿಜವಾದ ತೂಕ 57.4. ಅಂದರೆ ಆ ಜರಡಿಯಲ್ಲೂ ಇವನು ಪಾಸು! ಸಾಫ್ಟ್‌ವೇರಿನಲ್ಲಿ ನಮಗೆ ಇದು ದಿನಾ ಅನುಭವ. ಯಾವುದನ್ನು ಅಳೀತೀವೋ ಜನ ಅದನ್ನೇ ಸರಿಮಾಡಿ ತೋರಿಸ್ತಾರೆ, ಒಳಗಿನ ಬಗ್ ಹಾಗೇ ಇರುತ್ತೆ. ಮುಚ್ಚಿದ ಟಿಕೆಟ್ ಎಣಿಸಿದರೆ ಟಿಕೆಟ್ ಮುಚ್ಚುತ್ತೆ. ಹಿಂದಿನ ದಿನದ ತೂಕ ನೋಡಿದರೆ ಹಿಂದಿನ ದಿನಕ್ಕೆ ತೂಕ ಇಳಿಯುತ್ತೆ.

ನಮ್ಮ ಗರಡಿ ಮನೆಗಳ ಪದ್ಧತಿ ನೆನಪಾಗುತ್ತೆ. ಮೈಸೂರು ದಸರಾ ಕುಸ್ತಿಗೆ ಈಗಲೂ ಮೊದಲೇ "ಜೋಡಿ ಕಟ್ಟೋ" ಕೆಲಸ ನಡೆಯುತ್ತೆ. ಪೈಲ್ವಾನರನ್ನು ಕರೆಸಿ, ಯಾರಿಗೆ ಯಾರು ಸರಿಜೋಡಿ ಅಂತ ತಿಳಿದವರು ನೋಡಿ ನಿರ್ಧಾರ ಮಾಡ್ತಾರೆ. ಅದರಲ್ಲೂ ಕೊರತೆ ಇರಬಹುದು, ನನ್ನ ಕಡೆಯವನು ನಿನ್ನ ಕಡೆಯವನು ಅನ್ನೋದು ಇರಬಹುದು. ಆದರೆ ಕುಸ್ತಿಗೆ ಮುಂಚೆ ಹಾಲು, ಬಾದಾಮಿ ಬಿಟ್ಟು ಉಪವಾಸ ಕೂರು ಅಂತ ಯಾವ ಉಸ್ತಾದರೂ ಶಿಷ್ಯನಿಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಮಾಸ್ಟ್ರ ಮಾತಲ್ಲೂ ನ್ಯಾಯ ಇದೆ

ಪಂದ್ಯ ಮುಗಿದಮೇಲೆ ತಮ್ಮನ ಮಾಸ್ಟ್ರ ಹತ್ತಿರ ಮಾತಾಡಿದೆ. ಒಳ್ಳೆಯ ಮನುಷ್ಯ. ಕಮ್ಮಿ ಫೀಸಿಗೆ ಬೆಳಗ್ಗೆ ಐದಕ್ಕೆ ಎದ್ದು ಮಕ್ಕಳಿಗೆ ಹೇಳಿಕೊಡ್ತಾರೆ. ಅವರ ಮೇಲೆ ಹರಿಹಾಯೋಕೆ ನನಗೆ ಮನಸ್ಸು ಬರಲಿಲ್ಲ.

"ಸರ್, 59ಕ್ಕೇ ಬಿಡಬಹುದಿತ್ತಲ್ಲ?" ಅಂದೆ.

"ಬಿಡಬಹುದಪ್ಪ. ಆದರೆ 59ರಲ್ಲಿ ಅವನಿಗೆ ಸಿಗೋನು 61ರಿಂದ ಇಳಿದು ಬಂದವನು. ಎಲ್ಲರೂ ಇಳಿಸ್ತಾರೆ. ನಾನೊಬ್ಬ ಇಳಿಸಲ್ಲ ಅಂದರೆ ನನ್ನ ಹುಡುಗರೇ ಒದೆ ತಿನ್ನೋದು. ಅಪ್ಪಂದಿರು ಬಂದು ಕೇಳೋದು ಪದಕ ಎಲ್ಲಿ ಅಂತ, ಊಟ ಮಾಡಿದನಾ ಅಂತ ಅಲ್ಲ."

ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ನಿಂತಲ್ಲೇ ಕೂತು ಸಿನಿಮಾ ನೋಡೋ ಟಾಕೀಸಿನಲ್ಲಿ ಮುಂದಿನ ಸಾಲಿನವನು ಎದ್ದು ನಿಂತರೆ ಹಿಂದಿನವರೆಲ್ಲ ನಿಲ್ಲಲೇಬೇಕು. ಕೊನೆಗೆ ಎಲ್ಲರೂ ನಿಂತೇ ನೋಡೋದು, ಯಾರಿಗೂ ಹೆಚ್ಚು ಕಾಣಲ್ಲ, ಎಲ್ಲರ ಕಾಲೂ ನೋಯುತ್ತೆ.

ಚಿಕ್ಕಪ್ಪನ ಕಡೆಯೂ ಇದೆ. "ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆಯಲ್ಲೋ. ಒಂದು ಸರ್ಟಿಫಿಕೇಟ್ ಆದರೆ ಇವನಿಗೂ ನಿನ್ನ ಥರ ಒಂದು ದಾರಿ ಆಗುತ್ತೆ" ಅಂದರು. ಭದ್ರಾವತಿಯಲ್ಲಿ ಬೆಳೆದವರಿಗೆ ಈ ಮಾತಿನ ಭಾರ ಗೊತ್ತು. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆ ಮುಚ್ಚೋ ಮಾತು 2023ರಲ್ಲಿ ಬಂದು ಊರಿಗೆ ಊರೇ ಬೀದಿಗಿಳಿದಿತ್ತು. ಅಪ್ಪನ ಕೆಲಸ ಮಗನಿಗೆ ಅನ್ನೋ ಕಾಲ ಹೋದ ಊರಿನಲ್ಲಿ ಅಪ್ಪ ಸರ್ಟಿಫಿಕೇಟಿಗೆ ಆಸೆಪಡೋದು ತಪ್ಪು ಅಂತ ಬೆಂಗಳೂರಿನ ಎಸಿಯಲ್ಲಿ ಕೂತ ನಾನು ಹೇಗೆ ಹೇಳಲಿ?

ಒಂದು ಮಾತು ಮಾತ್ರ ಹೇಳಿದೆ. "ಚಿಕ್ಕಪ್ಪ, ಕೋಟಾಕ್ಕೆ ಯಾವ ಸಂಸ್ಥೆ ನಡೆಸಿದ, ಯಾವ ಮಟ್ಟದ ಸ್ಪರ್ಧೆಯ ಸರ್ಟಿಫಿಕೇಟ್ ನಡೆಯುತ್ತೆ ಅಂತ ಮೊದಲು ಓದಿದೀರಾ?" ಓದಿರಲಿಲ್ಲ. ನಮ್ಮ ದೇಶದಲ್ಲಿ ಟೇಕ್ವಾಂಡೊ ಸಂಸ್ಥೆಗಳ ನಡುವೆ ಮಾನ್ಯತೆಯ ಜಗಳ ವರ್ಷಗಟ್ಟಲೆ ನಡೆದಿದೆ. ಗೋಡೆ ತುಂಬ ಪದಕ ಇದ್ದು, ಒಂದೂ ಲೆಕ್ಕಕ್ಕೆ ಬಾರದೆ ಹೋಗಬಹುದು. ನಾಲ್ಕು ದಿನ ಉಪವಾಸ ಮಾಡೋ ಮುಂಚೆ ನಾಲ್ಕು ಪುಟ ಓದಬೇಕು.

ಹಾಗಾದರೆ ಏನು ಮಾಡೋದು?

ಬರೀ ಬೈದರೆ ಆಗಲ್ಲ. ನನಗೆ ತೋಚಿದ್ದು ಇಷ್ಟು.

ಸ್ಪರ್ಧೆ ನಡೆಸೋರಿಗೆ ಮೂರು ಮಾತು. ಒಂದು, ಜಿಲ್ಲಾ ಮಟ್ಟದಲ್ಲಾದರೂ ಮಕ್ಕಳ ತೂಕವನ್ನು ಪಂದ್ಯದ ದಿನ ಬೆಳಗ್ಗೆಯೇ ನೋಡಿ. ಒಣಗಿಕೊಂಡು ಬಂದರೆ ಎರಡು ಗಂಟೆಯಲ್ಲಿ ಆಡಬೇಕು ಅಂತ ಗೊತ್ತಾದರೆ ಬಹಳ ಜನ ಆ ಆಟ ಬಿಡ್ತಾರೆ. ಎರಡು, ಬೆಳಗಿನ ತೂಕ ಒಂದೇ ಸಾಲದು, ಒಣಗಿಕೊಂಡೇ ಮ್ಯಾಟ್ ಹತ್ತೋ ಹುಚ್ಚರೂ ಇರ್ತಾರೆ (ನಾನಿದ್ದೆ). ಅದಕ್ಕೆ ಒಂದು ತಿಂಗಳ ಮುಂಚೆ ಹೆಸರು ಕೊಡುವಾಗಲೇ ತೂಕ ಬರೆಸಿಕೊಳ್ಳಿ. ವಾರಕ್ಕೆ ಶೇಕಡ 1.5ಕ್ಕಿಂತ ಹೆಚ್ಚು ಇಳಿದಿದ್ದರೆ ಮೇಲಿನ ವಿಭಾಗಕ್ಕೆ ಹಾಕಿ. ಇದಕ್ಕೆ ಯಂತ್ರ ಬೇಡ, ಕೋಟಿ ಬೇಡ, ಒಂದು ನೋಟ್‌ಬುಕ್ ಸಾಕು. ಮೂರು, ನಿಯಮಗಳನ್ನು ಕನ್ನಡದಲ್ಲಿ ಎರಡು ಪುಟ ಅಚ್ಚು ಹಾಕಿ ಪ್ರವೇಶಪತ್ರದ ಜೊತೆ ಕೊಡಿ. ಗೆರೆ ದಾಟಿದರೆ ಒಂದು ಅಂಕ ಹೋಗುತ್ತೆ ಅಂತ ಭದ್ರಾವತಿಯ ಹುಡುಗ ಮ್ಯಾಟ್ ಮೇಲೆ ಕಲಿಯೋದು ಬೇಡ.

ಆಡೋರಿಗೆ, ಅಂದರೆ ನನ್ನ ತಮ್ಮನಂಥವರಿಗೂ ನನ್ನಂಥ "ವಯಸ್ಕ"ರಿಗೂ, ಎಂಟು ವಾರದ ಲೆಕ್ಕ:

1) ಮೊದಲ ವಾರ ಬೆಳಗ್ಗೆ ಎದ್ದು ಏಳು ದಿನ ತೂಕ ನೋಡಿ, ಸರಾಸರಿ ತೆಗೆಯಿರಿ. ಅದು ಯಾವ ವಿಭಾಗದಲ್ಲಿ ಬೀಳುತ್ತೋ ಅದೇ ನಿಮ್ಮ ವಿಭಾಗ. ಬೆಳೆಯೋ ಮಕ್ಕಳಿಗೆ ಎಂಟು ವಾರದಲ್ಲಿ ತೂಕ ಏರೋದು ಸಹಜ, ಏರಲಿ.

2) ಅಭ್ಯಾಸವನ್ನು ಪಂದ್ಯದ ಅಳತೆಗೇ ಹೊಲಿಸಿ. ಎರಡು ನಿಮಿಷ ಪೂರ್ತಿ ಜೋರು, ಒಂದು ನಿಮಿಷ ಬಿಡುವು, ಮೂರು ಸಲ. ಹತ್ತು ನಿಮಿಷ ಬಿಟ್ಟು ಮತ್ತೆ. ಪದಕ ಬೇಕಾದರೆ ಒಂದೇ ದಿನ ನಾಲ್ಕೈದು ಪಂದ್ಯ ಆಡಬೇಕು ಅನ್ನೋದು ನೆನಪಿರಲಿ. ಒಂದು ಗಂಟೆ ನಿಧಾನಕ್ಕೆ ಓಡಿದರೆ ಇದು ಬರಲ್ಲ.

3) ನೆಲದ ಮೇಲೆ ಸುಣ್ಣದಲ್ಲಿ ಎಂಟು ಮೀಟರಿನ ಗೆರೆ ಎಳೆದು ಅದರೊಳಗೇ ಆಡಿ. ಬೀಳದ ಹಾಗೆ ಒದೆಯೋದು, ಒದ್ದಮೇಲೆ ಕಾಲು ಎಲ್ಲಿ ಇಡೋದು, ಇದನ್ನೇ ಬೇರೆಯಾಗಿ ಅಭ್ಯಾಸ ಮಾಡಿ. ನಾಲ್ಕು ಗಮ್‌ಜಮ್ ಉಳಿಸೋದು ನಾಲ್ಕು ಅಂಕ ಗಳಿಸಿದ ಹಾಗೇ.

4) ಮನೆ ಊಟ. ಅಕ್ಕಿ ರೊಟ್ಟಿ, ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಮೊಸರು. ಡಬ್ಬಿಯ ಪುಡಿ ಬೇಡ. ಪಂದ್ಯದ ದಿನ ಎರಡು ಮೂರು ಗಂಟೆ ಮುಂಚೆ ಇಡ್ಲಿ, ಬಾಳೆಹಣ್ಣು. ಹೊಸ ಪ್ರಯೋಗ ಅವತ್ತು ಬೇಡ.

5) ನೀರಿಳಿಸೋ ಮಾತ್ರೆ ಯಾರಾದರೂ ಕೊಟ್ಟರೆ ಕೈ ಮುಗಿದು ವಾಪಸ್ ಕೊಡಿ. ಫ್ಯೂರೊಸೆಮೈಡ್ ಥರದ ಮಾತ್ರೆಗಳು ಡೋಪಿಂಗ್ ನಿಷೇಧದ ಪಟ್ಟಿಯಲ್ಲಿವೆ. ಪ್ರಾಣಕ್ಕೂ ಸಂಚಕಾರ, ಆಟಕ್ಕೂ ಸಂಚಕಾರ.

6) ಮೂವತ್ತರ ಹತ್ತಿರ ಇರೋ ಐಟಿ ಬಂಧುಗಳೇ, ನಮ್ಮ ತೊಡೆಯ ಹಿಂಭಾಗ ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಮಡಿಸಿ ಇಟ್ಟ ಬಟ್ಟೆ ಇದ್ದ ಹಾಗೆ. ಎಂಟು ವಾರದಲ್ಲಿ ಮೊದಲ ಮೂರು ವಾರ ತಲೆ ಎತ್ತರಕ್ಕೆ ಒದೆಯೋ ಆಸೆ ಬಿಡಿ. ಒಮ್ಮೆ ಡಾಕ್ಟರ ಹತ್ತಿರ ಬಿ.ಪಿ., ಹೃದಯ ನೋಡಿಸಿಕೊಳ್ಳಿ. ನಿದ್ದೆ ಮಾಡಿ.

7) ಹುಟ್ಟಿದ ದಿನಾಂಕದ ದಾಖಲೆ, ಬೆಲ್ಟಿನ ಸರ್ಟಿಫಿಕೇಟು, ಫೋಟೋ, ಮಕ್ಕಳಾದರೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ, ಸ್ವಂತ ಮೌತ್‌ಗಾರ್ಡು. ಹಿಂದಿನ ರಾತ್ರಿಯೇ ಬ್ಯಾಗಿಗೆ ಹಾಕಿಡಿ.

ಉಪದೇಶ ಮಾಡೋನು ಮಾಡಿ ತೋರಿಸಬೇಕಲ್ಲ. ಹೋದ ವರ್ಷ ಒಂದು ಮುಕ್ತ ಸ್ಪರ್ಧೆಯಲ್ಲಿ ನಾನೂ ಹೆಸರು ಕೊಟ್ಟಿದ್ದೆ, ಆರು ವರ್ಷದ ಮೇಲೆ. ತೂಕ 72. "68ಕ್ಕೆ ಇಳಿದುಬಿಡು" ಅಂತ ಹಳೇ ದೆವ್ವ ಕಿವಿಯಲ್ಲಿ ಹೇಳಿತು. ಇಳಿಯಲಿಲ್ಲ. 74ರೊಳಗೆ, ಇದ್ದ ಹೊಟ್ಟೆ ಸಮೇತ ನಿಂತೆ. ತೂಕದ ದಿನ ಬೆಳಗ್ಗೆ ಮೂರು ಇಡ್ಲಿ ತಿಂದು ಹೋಗಿದ್ದೆ, ಸಾಲಿನಲ್ಲಿದ್ದ ಒಣಗಿದ ಮುಖಗಳೆಲ್ಲ ನನ್ನನ್ನು ದ್ವೇಷದಿಂದ ನೋಡಿದವು :-) ಒಂದು ಪಂದ್ಯ ಗೆದ್ದೆ. ಎರಡನೆಯದರಲ್ಲಿ ಕಾಲೇಜು ಹುಡುಗನೊಬ್ಬ ಮೂರನೇ ಸುತ್ತಿಗೆ ಎಳೆದು ಸೋಲಿಸಿದ. ಮೂರನೇ ಸುತ್ತಿನ ಕೊನೆಯ ಹತ್ತು ಸೆಕೆಂಡಿನಲ್ಲೂ ನಾನು ಒದೆಯೋಕೆ ಹೋಗ್ತಾ ಇದ್ದೆ. ಸೋತು ಅಷ್ಟು ಖುಷಿಯಾಗಿದ್ದು ಅದೇ ಮೊದಲು.

ಕೊನೆಗೆ

ಹೊರಡೋ ದಿನ ಚಿಕ್ಕಮ್ಮ ಕಡುಬು ಮಾಡಿದ್ದರು. ತಮ್ಮ ತಟ್ಟೆ ಮುಂದೆ ಕೂತು ಎಣಿಸ್ತಾ ಇದ್ದ. ಎರಡು ತಿಂದರೆ ಎಷ್ಟಾಗುತ್ತೆ, ಮೂರು ತಿಂದರೆ ಎಷ್ಟಾಗುತ್ತೆ ಅಂತ. ಮುಂದಿನ ಸ್ಪರ್ಧೆ ಇನ್ನೂ ನಾಲ್ಕು ತಿಂಗಳಿದೆ! ನನಗೆ ಹೆದರಿಕೆಯಾಗಿದ್ದು ಆಗ. ಸೋತಿದ್ದಕ್ಕಲ್ಲ, ಹದಿನೈದರ ಹುಡುಗ ಅಮ್ಮನ ಕಡುಬನ್ನು ಗ್ರಾಂ ಲೆಕ್ಕದಲ್ಲಿ ನೋಡೋದಕ್ಕೆ ಶುರು ಮಾಡಿದ್ದಾನಲ್ಲ, ಅದಕ್ಕೆ.

"ಮುಂದಿನ ಸಲ 59ಕ್ಕೆ ಆಡು. ಸೋತರೆ ನನ್ನ ಹೆಸರು ಹೇಳು, ನಿಮ್ಮಪ್ಪನ ಹತ್ತಿರ ನಾನು ಬೈಸಿಕೊಳ್ತೀನಿ" ಅಂದೆ. ಅವನು ಅಪ್ಪನ ಮುಖ ನೋಡಿದ. ಚಿಕ್ಕಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಪಾತ್ರೆ ಹತ್ತಿರಕ್ಕೆ ಎಳೆದು ಅವನ ತಟ್ಟೆಗೆ ಇನ್ನೊಂದು ಕಡುಬು ಹಾಕಿದರು.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಕುಸ್ತಿ, ಜೂಡೊ, ಬಾಕ್ಸಿಂಗು, ಟೇಕ್ವಾಂಡೊ ಆಡೋ ಮಕ್ಕಳಿದ್ದರೆ ಒಂದು ಕೆಲಸ ಮಾಡಿ. ಪದಕ ಬಂತಾ ಅಂತ ಆಮೇಲೆ ಕೇಳಿ. ಮೊದಲು, ನೀರು ಕುಡಿದೆಯಾ ಅಂತ ಕೇಳಿ.